ಎಂಟನೆಯ ಅಕ್ಷರದ ಆಚೆ

ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿ ಸಗಟು ವ್ಯಾಪಾರ ಮಾಡುತ್ತಿದ್ದ ಶಿವಯೋಗಪ್ಪನವರು ಒಂದು ಶುಕ್ರವಾರ ಬೆಳಿಗ್ಗೆ ಎಂ.ಸಿ.ಸಿ. ಬಡಾವಣೆಯ ಕಂಪ್ಯೂಟರ್ ಸೆಂಟರಿಗೆ ಬಂದರು. ತಮ್ಮ ಇ-ಮೇಲ್ ತೆರೆದು ನಾಲ್ಕು ಸಾಲು ಓದುತ್ತಲೇ ಅಂಗೈಯಿಂದ ಪರದೆ ಮುಚ್ಚಿ ಬಿಲ್ಕೀಸಳನ್ನು ಕರೆದರು.

“ಇದು ನಂದಲ್ಲ ತಂಗಿ,” ಎಂದರು ದನಿ ತಗ್ಗಿಸಿ. “ಯಾವುದೋ ಹೆಣ್ಣುಮಗಳಿಗೆ ಬಂದಿದ್ದು. ನನ್ನ ಡಬ್ಬದಾಗ ಹೆಂಗೆ ಬಂತು?”

ಬಿಲ್ಕೀಸ್ ಮೊದಲಿಗೆ ನಂಬಲಿಲ್ಲ. ಅವಳೂ ಕೊಟ್ರೇಶನೂ ಡಿಪ್ಲೊಮಾದಲ್ಲಿ ಸಹಪಾಠಿಗಳು. ಇಬ್ಬರೂ ಸೇರಿ ಆ ಸೆಂಟರ್ ತೆರೆದು ವರ್ಷ ತುಂಬುತ್ತಿತ್ತು. ಇಂಟರ್ನೆಟ್ ದಾವಣಗೆರೆಗೆ ಆಗಷ್ಟೇ ಕಾಲಿಟ್ಟಿದ್ದ ಕಾಲ. ಇದ್ದದ್ದು ಒಂದೇ ಫೋನ್ ಲೈನು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಲೈನು ಹಚ್ಚಿ ಎಲ್ಲರ ಪತ್ರಗಳನ್ನೂ ಒಟ್ಟಿಗೆ ಇಳಿಸಿಕೊಂಡು ಲೈನು ಕಡಿದುಬಿಡುತ್ತಿದ್ದರು. ಅವನ್ನು ಹೆಸರು ನೋಡಿ ಅವರವರ ಡಬ್ಬಕ್ಕೆ ಹಾಕುವುದು ‘ಮೇಲ್‌ನೆಸ್ಟ್’ ಎಂಬ ತಂತ್ರಾಂಶದ ಕೆಲಸ. ಅದು ಒಂದು ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಸಿಕ್ಕಿದ್ದು. ಓಪನ್ ಸೋರ್ಸ್ ಆದ್ದರಿಂದ ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಾಲೆಂಡಿನ ಒಂದು ಸಣ್ಣ ಊರಿನ ಗ್ರಂಥಪಾಲಕ, ಯಾನ್ ಎಂಬಾತ, ಬಿಡುವಿನ ವೇಳೆಯಲ್ಲಿ ಬರೆದು ಲೋಕಕ್ಕೆ ಬಿಟ್ಟಿದ್ದ. ಬಿಲ್ಕೀಸಳಿಗೆ ಆ ತಂತ್ರಾಂಶದ ಮೇಲೆ ಮನೆಯ ಬೆಕ್ಕಿನ ಮೇಲಿರುವಂಥ ಅಕ್ಕರೆ.

ಪತ್ರದ ಮೇಲಿನ ವಿಳಾಸ ನೋಡಿದಳು. ಶಿವಯೋಗಮ್ಮ ಎಂದಿತ್ತು. ಹರಿಹರದ ಹೈಸ್ಕೂಲೊಂದರಲ್ಲಿ ಗಣಿತ ಹೇಳುವ ಟೀಚರ್ ಅವರು. ಸೆಂಟರಿಗೆ ಹೊಸಬರು, ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಪತ್ರ ನೋಡಿಕೊಂಡು ಹೋಗುತ್ತಿದ್ದರು. ಕಳೆದ ಎರಡು ಸಲವೂ ಡಬ್ಬ ಖಾಲಿ ಎಂದು ಮುಖ ಸಣ್ಣದು ಮಾಡಿಕೊಂಡು ಹೋಗಿದ್ದರು. ಅದಕ್ಕೂ ಮುಂಚೆ ಒಮ್ಮೆ, ಬ್ಯಾಡಗಿ ಮೆಣಸಿನಕಾಯಿ ದರ ತನಗೆ ಯಾರು ಕಳಿಸುತ್ತಾರೋ ಎಂದು ನಕ್ಕಿದ್ದರು. ಅದನ್ನು ಜಾಹೀರಾತು ಎಂದುಕೊಂಡು ಬಿಲ್ಕೀಸಳೂ ನಕ್ಕಿದ್ದಳು. ಅದು ಶಿವಯೋಗಪ್ಪನವರ ಪತ್ರವಾಗಿತ್ತೆಂದು ಅವಳಿಗೆ ಈಗ ಹೊಳೆಯಿತು.

“ನಾನು ಪೂರ್ತಿ ಓದಿಲ್ಲ,” ಎಂದರು ಶಿವಯೋಗಪ್ಪ. “ಆದ್ರೆ ಭಾನುವಾರ ಹರಿಹರಕ್ಕೆ ಬರ್ತೀನಿ, ನಿಮ್ಮಪ್ಪನ ಹತ್ರ ಮಾತಾಡ್ತೀನಿ ಅಂತ ಐತೆ. ಆ ಹುಡುಗಿಗೆ ಇದು ಗೊತ್ತಾಗ್ಬೇಕು. ಹರಿಹರದಾಗ ನಮ್ಮ ಬೀಗರು ಅದಾರೆ, ಯಾರು ಏನು ಅಂತ ಕೇಳಿದ್ರೆ ಅರ್ಧ ತಾಸಿನಾಗ ಗೊತ್ತಾಗತೈತೆ. ನಾನು ಕೇಳಲ್ಲ. ನೀನೇ ಹೋಗಿ ಮುಟ್ಟಿಸು.”

ಬಿಲ್ಕೀಸ್ ಪತ್ರವನ್ನು ಮುದ್ರಿಸಿ, ಓದದೆ ಮಡಚಿ, ಲಕೋಟೆಗೆ ಹಾಕಿ ಅಂಟಿಸಿದಳು. ಶಿವಯೋಗಪ್ಪನವರು ಅಷ್ಟೂ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

ಅವರು ಹೋದ ಮೇಲೆ ಕೊಟ್ರೇಶ್ ಬಂದ. ವಿಷಯ ಕೇಳಿ ಅವನಿಗೆ ಸಿಟ್ಟು ನೆತ್ತಿಗೇರಿತು. ಹೆದರಿಕೆಯೂ ಅದರಲ್ಲಿ ಸೇರಿತ್ತು; ಊರಲ್ಲಿ ಸುದ್ದಿಯಾದರೆ ಸೆಂಟರಿನ ಕಡೆ ಯಾರೂ ತಲೆ ಹಾಕುವುದಿಲ್ಲ. ಬಿಲ್ಕೀಸ್ ಎಲ್ಲ ಡಬ್ಬಗಳಿಗೂ ಬೀಗ ಹಾಕಿ, ಪತ್ರ ಸೇವೆ ಕೆಲವು ದಿನ ಇಲ್ಲವೆಂದು ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದಾಗ ಅವನು ಮೇಲ್‌ನೆಸ್ಟ್ ಬಳಸುವವರೆಲ್ಲ ಓದುವ ಬಹಿರಂಗ ಇ-ಮೇಲ್ ಪಟ್ಟಿಗೆ ಒಂದು ಪತ್ರ ಬರೆದು ಕಳಿಸಿಯೂ ಬಿಟ್ಟ. ಈ ತಂತ್ರಾಂಶ ಕೆಲಸಕ್ಕೆ ಬಾರದ್ದು, ಒಬ್ಬರ ಪತ್ರ ಇನ್ನೊಬ್ಬರಿಗೆ ಕೊಡುತ್ತದೆ, ಕೂಡಲೇ ಸರಿ ಮಾಡಿ ಎಂದು ಬರೆದಿದ್ದ. ಎಲ್ಲಿ, ಹೇಗೆ, ಏನು ಮಾಡಿದಾಗ ಎಂಬ ಒಂದು ಮಾತೂ ಅದರಲ್ಲಿರಲಿಲ್ಲ. ಅದೆಲ್ಲ ಅವನಿಗೂ ಗೊತ್ತಿರಲಿಲ್ಲ.

ಶನಿವಾರ ಶಾಲೆ ಅರ್ಧ ದಿನ. ಬಿಲ್ಕೀಸ್ ಹರಿಹರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಮಾತು ಜೋಡಿಸಿದಳು. ಶಾಲೆಯ ಗೇಟು ದಾಟುವಷ್ಟರಲ್ಲಿ ಎಲ್ಲವೂ ಮರೆತುಹೋಯಿತು. ಸೈಕಲ್ ಸ್ಟ್ಯಾಂಡಿನ ಪಕ್ಕದ ಬೇವಿನ ಮರದ ಕೆಳಗೆ ಶಿವಯೋಗಮ್ಮ ಸಿಕ್ಕರು. ಬಿಲ್ಕೀಸ್ ಲಕೋಟೆ ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

“ನಿಮ್ಮ ಪತ್ರ ಬೇರೆಯವರ ಕೈಗೆ ಹೋಗಿತ್ತು ಮೇಡಂ. ಅವರು ನಾಲ್ಕು ಸಾಲು ಓದಿದ್ರು. ನಾನು ಓದಿಲ್ಲ. ತಪ್ಪು ನಮ್ಮ ಮೆಶೀನಿಂದು, ನಿಮ್ಮದಲ್ಲ.”

ಶಿವಯೋಗಮ್ಮ ಲಕೋಟೆ ಹರಿದು ಓದಿದರು. ಮತ್ತೆ ಮೊದಲಿನಿಂದ ಓದಿದರು. ಅವರ ಮುಖ ಕೆಂಪಾಯಿತು. ಅದು ಸಿಟ್ಟೋ ಬೇರೇನೋ ಬಿಲ್ಕೀಸಳಿಗೆ ತಿಳಿಯಲಿಲ್ಲ. ಬರೆದವನು ಜಂಬಯ್ಯ, ಅವರ ಕಾಲೇಜಿನ ಗೆಳೆಯ. ಪುಣೆಯ ಒಂದು ಮುದ್ರಣಾಲಯದಲ್ಲಿ ಕೆಲಸ. ಬೇರೆ ಜಾತಿಯವನು ಎಂಬ ಕಾರಣಕ್ಕೆ ಅವರು ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಉತ್ತರ ಬರದಿದ್ದಾಗ ಅವನು ಹಿಂದೆ ಸರಿದನೆಂದೇ ತಿಳಿದು, ಮರೆಯಲು ಶುರು ಮಾಡಿದ್ದೆ ಎಂದರು.

“ಓದಿದವರು ಯಾರು?”

ಬಿಲ್ಕೀಸ್ ಹೇಳಿದಳು. ಹೇಳುವುದು ತನ್ನ ಕರ್ತವ್ಯ ಎಂದೇ ಅವಳಿಗನಿಸಿತು. ಶಿವಯೋಗಪ್ಪನವರು ಯಾರ ಹತ್ತಿರವೂ ವಿಚಾರಿಸುವುದಿಲ್ಲ ಎಂದದ್ದನ್ನೂ ಸೇರಿಸಿದಳು. ಶಿವಯೋಗಮ್ಮ, ಮಂಡಿಪೇಟೆಯ ವ್ಯಾಪಾರಸ್ಥರ ಬಾಯಿ ಎಷ್ಟು ದಿನ ಮುಚ್ಚಿರುತ್ತದೋ ನೋಡೋಣ ಎಂದರು. ಆಮೇಲೆ ಗಣಿತದ ಟೀಚರ್ ದನಿಯಲ್ಲಿ ಕೇಳಿದರು: “ಅವರ ಹೆಸರು ನನ್ನ ಹೆಸರು ಎಲ್ಲೀತನಕ ಒಂದೇ ಐತೆ, ಎಣಿಸಿದಿರಾ?”

ಬಿಲ್ಕೀಸ್ ಎಣಿಸಿರಲಿಲ್ಲ. ವಾಪಸು ಬರುವಾಗ ಬಸ್ಸಿನ ಟಿಕೆಟಿನ ಹಿಂದೆ ಎರಡೂ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿದಳು. ಎಂಟನೆಯ ಅಕ್ಷರದವರೆಗೆ ಎರಡೂ ಒಂದೇ. ಅಪ್ಪ, ಅಮ್ಮ ಎಂದು ಬೇರೆಯಾಗುವುದು ಅದರ ಆಚೆ.

ಸೆಂಟರಿಗೆ ಬರುವಷ್ಟರಲ್ಲಿ ಬಹಿರಂಗ ಪಟ್ಟಿಯಲ್ಲಿ ಕೊಟ್ರೇಶನಿಗೆ ಉತ್ತರಗಳು ಬಂದಿದ್ದವು. ನಮ್ಮಲ್ಲಿ ಚೆನ್ನಾಗಿಯೇ ನಡೆಯುತ್ತಿದೆ, ನಿನಗೆ ಬಳಸಲು ಬರುವುದಿಲ್ಲ ಎಂದು ಒಬ್ಬ ಹಂಗಿಸಿದ್ದ. ಯಾನ್ ಮಾತ್ರ ಕೊಟ್ರೇಶನೊಬ್ಬನಿಗೇ ಬೇರೆಯಾಗಿ ಬರೆದಿದ್ದ. ತೊಂದರೆಯಾದದ್ದಕ್ಕೆ ವಿಷಾದ. ನೀವು ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಇಷ್ಟು ತಿಳಿಸಿದರೆ ಹುಡುಕಬಲ್ಲೆ. ಪರರ ಪತ್ರ ಓದಲು ಬಿಡುವ ದೋಷವೇ ಆಗಿದ್ದರೆ ದಯವಿಟ್ಟು ನನಗೊಬ್ಬನಿಗೇ ಬರೆಯಿರಿ. ಎಷ್ಟೋ ಶಾಲೆಗಳು, ಒಂದೆರಡು ಸಣ್ಣ ಆಸ್ಪತ್ರೆಗಳು ಇದನ್ನೇ ನಂಬಿಕೊಂಡಿವೆ.

ಬಿಲ್ಕೀಸ್ ಗಿರಾಕಿಗಳ ಡಬ್ಬ ಮುಟ್ಟಲಿಲ್ಲ. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಮೇಲ್‌ನೆಸ್ಟ್ ಹಾಕಿ, ಇಲ್ಲದ ಇಬ್ಬರ ಹೆಸರು ಹುಟ್ಟಿಸಿದಳು: ವೀರಭದ್ರಪ್ಪ, ವೀರಭದ್ರಮ್ಮ. ಒಬ್ಬರಿಗೆ ಪತ್ರ ಕಳಿಸಿ ಇನ್ನೊಬ್ಬರ ಹೆಸರಲ್ಲಿ ತೆರೆದಳು. ಪತ್ರ ಅಲ್ಲೇ ಕೂತಿತ್ತು. ಹೆಸರು ಎಷ್ಟೇ ಉದ್ದವಿರಲಿ, ಮೇಲ್‌ನೆಸ್ಟ್ ಡಬ್ಬಕ್ಕೆ ಮೊದಲ ಎಂಟು ಅಕ್ಷರವನ್ನಷ್ಟೇ ಬರೆದುಕೊಳ್ಳುತ್ತಿತ್ತು. ಇಬ್ಬರಿಗೂ ಒಂದೇ ಡಬ್ಬ. ಮೊದಲು ತೆರೆದವರ ಪಾಲಿಗೆ ಪತ್ರ.

ಕೊಟ್ರೇಶ್ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅವನ ಸಿಟ್ಟು ಈಗ ಬೇರೆ ದಾರಿ ಹಿಡಿಯಿತು. ಹಂಗಿಸಿದವನಿಗೆ ಇದನ್ನೆಲ್ಲ ಪಟ್ಟಿಯಲ್ಲೇ ಬರೆದು ಎಲ್ಲರೆದುರು ಮುಖ ಕೆಳಗೆ ಹಾಕಿಸುತ್ತೇನೆ, ದಾವಣಗೆರೆಯವರು ಕಂಡುಹಿಡಿದರು ಎಂದು ಲೋಕಕ್ಕೆ ಗೊತ್ತಾಗಲಿ ಎಂದು ಕೀಬೋರ್ಡು ಎಳೆದುಕೊಂಡ.

ಬಿಲ್ಕೀಸ್ ತಡೆಯಲಿಲ್ಲ; ಕೇಳಿದಳು ಅಷ್ಟೆ. “ನೀನು ಬರೆದ್ರೆ ಇವತ್ತೇ ಎಲ್ಲರಿಗೂ ಗೊತ್ತಾಗತೈತೆ. ರಿಪೇರಿ ಇನ್ನೂ ಆಗಿಲ್ಲ. ಯಾರದ್ದೋ ಹೆಸರಿನ ಎಂಟು ಅಕ್ಷರ ಹಿಡಿದು ಡಬ್ಬ ತೆಗೆಯೋಕೆ ನಾವೇ ಹೇಳಿಕೊಟ್ಟಂಗೆ ಆಗಲ್ವಾ? ಆ ಟೀಚರ್ ಮುಖ ನೀನು ನೋಡಿಲ್ಲ ಕೊಟ್ರೇಶ.”

ಕೊಟ್ರೇಶ್ ಎರಡು ಸಲ ಬರೆದು ಅಳಿಸಿದ. ಕೊನೆಗೆ ಎರಡೇ ಸಾಲು ಬರೆದ: ನಿನ್ನೆ ಸಿಟ್ಟಿನಲ್ಲಿ ಬರೆದೆ, ಕ್ಷಮಿಸಿ, ವಿವರವನ್ನು ತಂತ್ರಾಂಶ ಬರೆದವರಿಗೇ ಕಳಿಸುತ್ತಿದ್ದೇವೆ. ಕಳಿಸಿದ ಮೇಲೆ ಎದ್ದು ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದ. ಇಬ್ಬರೂ ತಿನ್ನುತ್ತ ಯಾನ್‌ಗೆ ಪತ್ರ ಬರೆಯಲು ಕೂತರು. ಕೊಟ್ರೇಶನಿಗೆ ಇಂಗ್ಲಿಷ್ ಚೆನ್ನಾಗಿತ್ತು, ಬಿಲ್ಕೀಸಳಿಗೆ ವಿವರ ಗೊತ್ತಿತ್ತು. ಯಾವ ಆವೃತ್ತಿ, ಯಾವ ಯಂತ್ರ, ಯಾವ ಹೆಸರು ಹಾಕಿದಾಗ ಏನಾಯಿತು, ಒಂದಾದ ಮೇಲೊಂದು ಬರೆದರು. ನಿಜವಾದ ಗಿರಾಕಿಗಳ ಹೆಸರು ಎಲ್ಲೂ ಹಾಕಲಿಲ್ಲ. ‘ಕೂಡಲೇ’ ಎಂಬ ಪದವನ್ನು ಕೊಟ್ರೇಶನೇ ಅಳಿಸಿದ. ಬಿಡುವಿನಲ್ಲಿ ದುಡಿಯುವವನಿಗೆ ಅವಸರ ಮಾಡಬಾರದು, ಆದರೆ ನಮ್ಮ ಜನ ಕಾಯುತ್ತಿದ್ದಾರೆಂದು ತಿಳಿಸಬೇಕು ಎಂದು, ಅದನ್ನೇ ಮೃದುವಾಗಿ ಬರೆದ. ಬಿಲ್ಕೀಸಳಿಗೆ ಅವನ ಮೇಲೆ ಅಭಿಮಾನ ಉಕ್ಕಿತು. ಹೇಳಿದರೆ ಉಬ್ಬುತ್ತಾನೆಂದು ಇನ್ನೊಂದು ಬಜ್ಜಿ ಅವನ ಕಡೆ ಸರಿಸಿದಳು.

ಯಾನ್‌ನ ಉತ್ತರ ಮಾರನೆಯ ದಿನವೇ ಬಂತು. ಇಷ್ಟು ಸ್ಪಷ್ಟವಾದ ವರದಿಯನ್ನು ತಾನು ಈವರೆಗೆ ಓದಿಲ್ಲ, ತನ್ನೂರಿನಲ್ಲಿ ಎಲ್ಲರ ಹೆಸರೂ ಗಿಡ್ಡ, ಅದಕ್ಕೇ ಇದು ಹೊಳೆಯಲಿಲ್ಲ ಎಂದಿದ್ದ. ರಿಪೇರಿ ಸಿದ್ಧವಾಗಿ ಎಲ್ಲರಿಗೂ ತಲುಪುವವರೆಗೆ ದಯವಿಟ್ಟು ಸುಮ್ಮನಿರಿ ಎಂದು ಕೇಳಿದ್ದ. ಕೆಲವು ದಿನಗಳಲ್ಲಿ ತಂತ್ರಾಂಶದ ತಿದ್ದಿದ ತುಂಡೊಂದನ್ನು ಪರೀಕ್ಷೆಗೆ ಕಳಿಸಿದ. ಅಕ್ಷರಗಳ ಮಿತಿಯನ್ನು ಎಂಟರಿಂದ ಹದಿನಾರಕ್ಕೆ ಏರಿಸಿದ್ದ; ಮನುಷ್ಯರ ಹೆಸರಿಗೆ ಇಷ್ಟು ಸಾಕಲ್ಲವೇ ಎಂದು ಕೇಳಿದ್ದ.

ಕೊಟ್ರೇಶ್ ಅದನ್ನು ಓದಿ ಕುರ್ಚಿಯಲ್ಲಿ ಹಿಂದಕ್ಕೊರಗಿದ. “ನಮ್ಮ ತಾತನ ಹೆಸರು ಹಾಕ್ತೀನಿ ತಡಿ,” ಎಂದ. ಮೈಲಾರಲಿಂಗೇಶ್ವರಪ್ಪ ಎಂದು ಒಂದು ಡಬ್ಬ, ಮೈಲಾರಲಿಂಗೇಶ್ವರಮ್ಮ ಎಂದು ಇನ್ನೊಂದು. ಹದಿನಾರು ಅಕ್ಷರ ಮುಗಿದ ಮೇಲೂ ತಾತ ಯಾರು, ಅಮ್ಮ ಯಾರು ಎಂದು ಮೇಲ್‌ನೆಸ್ಟಿಗೆ ತಿಳಿಯಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮತ್ತೆ ಅದನ್ನೂ ಹಾಗೆಯೇ, ಕ್ರಮವಾಗಿ, ಗೌರವವಾಗಿ ಬರೆದು ಕಳಿಸಿದರು. ಯಾನ್ ಸೋತೆ ಎಂದು ಬರೆದು ಮಿತಿಯನ್ನೇ ತೆಗೆದುಹಾಕಿದ.

ಹೊಸ ಆವೃತ್ತಿ ಹೊರಬಂದ ದಿನ ಅದನ್ನು ಇಳಿಸಿಕೊಳ್ಳುವಾಗ ಲೈನು ಮೂರ್ನಾಲ್ಕು ಸಲ ಕಡಿಯಿತು. ಕಡೆಗೂ ಬಂತು. ಅದರ ಜೊತೆ ಯಾನ್ ದೋಷವೇನಿತ್ತೆಂದು ಎಲ್ಲರಿಗೂ ಬಿಡಿಸಿ ಹೇಳಿದ್ದ; ಕೊನೆಯಲ್ಲಿ ಭಾರತದ ದಾವಣಗೆರೆಯ ಬಿಲ್ಕೀಸ್ ಮತ್ತು ಕೊಟ್ರೇಶ್ ಅವರಿಗೆ ಕೃತಜ್ಞತೆ ಎಂದಿತ್ತು. ಹಂಗಿಸಿದ್ದವನು ಪಟ್ಟಿಯಲ್ಲೇ ಅಭಿನಂದನೆ ಬರೆದ. ಬಿಲ್ಕೀಸ್ ಆ ಹಾಳೆಯನ್ನು ವಿನೋಬನಗರದ ಮನೆಗೆ ಒಯ್ದು ಅಪ್ಪ ಜಮಾಲುದ್ದೀನರಿಗೆ ತೋರಿಸಿದಳು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮಗಳ ಹೆಸರು ಯಾವುದೆಂದು ಬೆರಳಿಟ್ಟು ತೋರಿಸಲು ಹೇಳಿ, ಅಲ್ಲಿ ಸ್ವಲ್ಪ ಹೊತ್ತು ಕಣ್ಣಿಟ್ಟುಕೊಂಡು ಕೂತರು.

ಆ ಭಾನುವಾರ ಹರಿಹರದಲ್ಲಿ ಏನಾಯಿತೆಂಬುದು ಸೇವೆ ಮತ್ತೆ ಶುರುವಾಗಿ ಕೆಲವು ತಿಂಗಳಾದ ಮೇಲೆ ಶಿವಯೋಗಮ್ಮನವರಿಂದಲೇ ತಿಳಿಯಿತು. ಅವರು ಸ್ಟೇಷನ್ನಿಗೇ ಹೋಗಿ ಜಂಬಯ್ಯನನ್ನು ಎದುರುಗೊಂಡು, ಹಾಗೆ ಏಕಾಏಕಿ ಮನೆಗೆ ಬರಬ್ಯಾಡ ಎಂದು ತಡೆದಿದ್ದರು. ತಾನೇ ಮೊದಲು ಅವ್ವನಿಗೆ, ಆಮೇಲೆ ಅಪ್ಪನಿಗೆ ಹೇಳಿದರು. ಅಪ್ಪ ಊಟ ಬಿಟ್ಟರು, ಮಾತು ಬಿಟ್ಟರು. ಒಪ್ಪಲು ಮಳೆಗಾಲವೆಲ್ಲ ಕಳೆಯಬೇಕಾಯಿತು. ಆದರೆ ಸುದ್ದಿಯನ್ನು ಮಗಳ ಬಾಯಿಂದಲೇ ಮೊದಲು ಕೇಳಿದೆ, ಬೀದಿಯಿಂದಲ್ಲ ಎಂಬುದೊಂದೇ ತಮ್ಮನ್ನು ಮೆತ್ತಗೆ ಮಾಡಿತೆಂದು ಅವರು ಆಮೇಲೆ ಹೇಳಿದರಂತೆ.

ಇದನ್ನು ಶಿವಯೋಗಮ್ಮ ಹೇಳುತ್ತಿದ್ದಾಗಲೇ ಶಿವಯೋಗಪ್ಪನವರು ಒಳಗೆ ಬಂದು ಕಂಪ್ಯೂಟರಿನ ಮುಂದೆ ಕೂತಿದ್ದರು. ಬಿಲ್ಕೀಸ್ ಮಾತಿನ ಭರದಲ್ಲಿ ಟೀಚರನ್ನು ಹೆಸರು ಹಿಡಿದು ಕರೆದಳು, ಕರೆದ ಮೇಲೆ ನಾಲಗೆ ಕಚ್ಚಿಕೊಂಡಳು. ಶಿವಯೋಗಪ್ಪ ತಿರುಗಿ ನೋಡಿದರು. ಶಿವಯೋಗಮ್ಮನಿಗೂ ಅವರು ಯಾರೆಂದು ಗೊತ್ತಾಯಿತು. ಆಮೇಲೆ ಶಿವಯೋಗಪ್ಪನವರು ಎದ್ದು, ಹೆಗಲ ಮೇಲಿನ ಟವೆಲಿನಿಂದ ಕುರ್ಚಿ ಒರೆಸಿದರು.

“ಕೂಡ್ರಿ ತಾಯಿ,” ಎಂದರು. “ನೀವು ಹರಿಹರದ ಬಸ್ಸು ಹಿಡೀಬೇಕು. ನಂದು ಬರೇ ಮೆಣಸಿನಕಾಯಿ ದರ, ಆಮ್ಯಾಲೆ ನೋಡ್ಕೊಂತೀನಿ.”

ಶಿವಯೋಗಮ್ಮ ಕೂತರು. ಶಿವಯೋಗಪ್ಪನವರು ಬಾಗಿಲ ಹತ್ತಿರ ಹೋಗಿ, ಬೀದಿಯ ಕಡೆ ಮುಖ ಮಾಡಿ ನಿಂತರು.