ಬಾಗಿಲು ಹೊತ್ತ ಮುದುಕ

ಯಾರೂ ನೋಡದ ಸಿನಿಮಾಗಳೆಂದರೆ ಹಂಸಾಳಿಗೆ ವಿಪರೀತ ಮೋಹ. ಚಿತ್ರೋತ್ಸವ ಬಂತೆಂದರೆ ಕೇಂದ್ರ ಸಚಿವಾಲಯದ ಗುಮಾಸ್ತೆ ಕೆಲಸಕ್ಕೆ ರಜೆ ಹಾಕಿ, ಪ್ರಶಸ್ತಿ ಬಂದ ಚಿತ್ರಗಳ ನೂಕುನುಗ್ಗಲು ಬಿಟ್ಟು, ಖಾಲಿ ಹಾಲ್‌ಗಳನ್ನೇ ಹುಡುಕಿಕೊಂಡು ಹೋಗುವಳು. ಲಕ್ಷ್ಮೀ ನಗರದ ಹಳೆಯ ಟಾಕೀಸಿನ ಮಾಲೀಕ ಭಾಟಿಯಾಗೆ ಈ ವಿಷಯ ಗೊತ್ತಿತ್ತು. ಮಾಲ್‌ಗಳು ಬಂದು ಅವನ ಜನರನ್ನೆಲ್ಲ ಸೆಳೆದುಕೊಂಡಿದ್ದವು. ಭಾನುವಾರ ಬೆಳಗಿನ ಆಟಕ್ಕೆ ಹೇಗೂ ನೊಣ ಹೊಡೆಯುತ್ತಿದ್ದೇನೆ, ನಿಮಗೆ ಬೇಕಾದದ್ದು ಹಾಕಿ ಎಂದುಬಿಟ್ಟ.

ಹಂಸಾ ಮೊದಲಿಗೆ ಆರಿಸಿದ್ದು ಮುದುಕನೊಬ್ಬ ಬೆನ್ನ ಮೇಲೆ ಮರದ ಬಾಗಿಲು ಹೊತ್ತು ಬೆಟ್ಟ ಹತ್ತುವ ಚಿತ್ರ. ಎರಡು ಗಂಟೆ ಅದೇ. ಉತ್ಸವದಲ್ಲಿ ನೋಡಿ ಅವಳು ಕಣ್ಣೀರು ಹಾಕಿದ್ದಳು. ಚಾಣಕ್ಯಪುರಿಯ ರಾಯಭಾರ ಕಚೇರಿಯೊಂದಕ್ಕೆ ಅಲೆದಲೆದು ಪ್ರಿಂಟ್ ತರಿಸಿದಳು. ಅದು ತೆರೆಯ ಮೇಲೆ ಓಡತೊಡಗಿದಾಗಲೇ ತಿಳಿದದ್ದು, ಅಡಿಬರಹ ಇಲ್ಲದ ಪ್ರಿಂಟ್ ಬಂದಿದೆ ಎಂದು.

ಜೂನ್ ಬಿಸಿಲಿಗೆ ಕೂಲರ್ ಗಾಳಿ ಹುಡುಕಿ ಬಂದಿದ್ದ ಕೋಚಿಂಗ್ ಕ್ಲಾಸಿನ ಹುಡುಗರು ಆಕಳಿಸಿದರು. ಇಬ್ಬರು ಎದ್ದೇ ಹೋದರು. ಹಂಸಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಮುಂದಿನ ಸಾಲಿನಿಂದ ಅವಳ ಅತ್ತೆ ಗಿರಿಜಮ್ಮನ ದನಿ ಎದ್ದಿತು. ತರಕಾರಿ ಮಾರುವ ಭಯ್ಯಾಗಳಿಂದ ಕಲಿತ ಹಿಂದಿ ಅದು.

"ಬುಡ್ಢಾ ಬೇಟೀ ಕೇ ಘರ್ ಜಾತಾ ಹೈ. ದಾಮಾದ್ ಕಂಜೂಸ್. ಘರ್ ಮೇ ದರ್ವಾಜಾ ನಹೀಂ."

ಮುದುಕ ಹೊರಟಿರುವುದು ಮಗಳ ಮನೆಗೆ; ಆ ಮನೆಗೆ ಬಾಗಿಲಿಲ್ಲ, ಅಳಿಯ ಜಿಪುಣ! ಹಾಲ್ ನಕ್ಕಿತು. ಆಮೇಲೆ ಗಿರಿಜಮ್ಮ ನಿಲ್ಲಲಿಲ್ಲ. ದಾರಿಯಲ್ಲಿ ಸಿಕ್ಕ ಪೊಲೀಸನನ್ನು ಅಳಿಯನ ಅಣ್ಣನಾಗಿಸಿದರು, ಮೇಕೆ ಮೇಯಿಸುವವಳನ್ನು ಬೀಗಿತ್ತಿಯಾಗಿಸಿದರು. ಎದ್ದು ಹೋಗಿದ್ದ ಇಬ್ಬರೂ ಗದ್ದಲ ಕೇಳಿ ವಾಪಸ್ ಬಂದರು. ಮುದುಕ ಕೊನೆಗೆ ಬೆಟ್ಟದ ತುದಿಯಲ್ಲಿ ಬಾಗಿಲು ನೆಟ್ಟು ಅದನ್ನು ತೆರೆದಾಗ, ಮಗಳು ಬಂದಳೋ ಇಲ್ಲವೋ ಎಂದು ಹಾಲ್‌ಗೆ ಹಾಲೇ ಉಸಿರು ಬಿಗಿಹಿಡಿದಿತ್ತು.

ದೀಪ ಹತ್ತಿದ ಮೇಲೆ ರಾಯಭಾರ ಕಚೇರಿಯಿಂದ ಬಂದಿದ್ದ ಅಧಿಕಾರಿ ಎದ್ದುನಿಂತು, ಚಿತ್ರದಲ್ಲಿ ಮಗಳೇ ಇಲ್ಲ, ಆ ಬಾಗಿಲು ಪ್ರಜಾಪ್ರಭುತ್ವದ ಸಂಕೇತ ಎಂದು ಸೌಜನ್ಯದಿಂದಲೇ ವಿವರಿಸಿದ. ಹುಡುಗರು ಅವನನ್ನು ಮರುಕದಿಂದ ನೋಡಿದರು. ಭಾಟಿಯಾ ಮಾತ್ರ ಹಂಸಾಳನ್ನು ಪಕ್ಕಕ್ಕೆ ಕರೆದು, ಮುಂದಿನ ವಾರವೂ ಅಡಿಬರಹ ಬೇಡ, ಮಾತಾಜಿಯನ್ನು ಮರೆಯದೆ ಕರೆತನ್ನಿ ಎಂದ.

ಹಂಸಾಳಿಗೆ ಸಿಟ್ಟು ಬಂದಿತ್ತು. ಅಷ್ಟು ಗಂಭೀರವಾದ ಮೌನವನ್ನು ಅತ್ತೆ ಸಂತೆ ಮಾಡಿದ್ದರು. ಆಟೋದಲ್ಲಿ ಕೂತ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು:

"ಆ ಮಗಳು ಎಲ್ಲಿಂದ ಬಂದಳು ಅತ್ತೆ?"

"ನಂಗೇನು ಗೊತ್ತು? ಜನ ಎದ್ದು ಹೋಗ್ತಿದ್ರು. ನೀನು ಆರಿಸಿದ ಸಿನಿಮಾ ಅಲ್ವಾ, ಸುಮ್ನೆ ನೋಡ್ತಾ ಕೂರೋಕಾಗುತ್ತಾ?"

ಹಂಸಾಳ ಸಿಟ್ಟು ಎಲ್ಲಿ ಇಳಿದುಹೋಯಿತೋ. ಅತ್ತೆಯ ಕೈಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಗಿರಿಜಮ್ಮ ಸೆರಗಿನಿಂದ ಬೆವರು ಒರೆಸಿಕೊಂಡು ಹೇಳಿದರು:

"ಮುಂದಿನ ಸಲ ಒಂದು ಮದುವೇನಾದ್ರೂ ಇರೋದು ಆರಿಸಮ್ಮ. ಬರೀ ಬಾಗಿಲು ನೋಡ್ಕೊಂಡು ಎಷ್ಟೂಂತ ಹೇಳೋದು?"