ಫ್ಯಾನ್ ಇರುವ ಡಬ್ಬಿ

"ಕೈಗೆತ್ಕೊಂಡು ನೋಡಿ ಅಮ್ಮಾವ್ರೇ, ಭಾರ ಏನಿಲ್ಲ," ಎಂದು ಅಂಗಡಿಯ ಭಾನುಪ್ರಕಾಶ್ ಎರಡನೆಯ ಸಲ ಹೇಳಿದ. ಪಂಕಜಮ್ಮ ತಿರುಗಲಿಲ್ಲ. ಅವನಿಗೆ ಬೆನ್ನು ಹಾಕಿ, ಗಾಜಿನ ಕಪಾಟಿನಲ್ಲಿದ್ದ ಕೀಬೋರ್ಡುಗಳನ್ನು ನೋಡುತ್ತ ನಿಂತೇ ಇದ್ದರು. ಸೊಸೆ ಮಹತಿಗೆ ಮುಖ ಬಿಸಿಯಾಯಿತು. ಮನೆಯಲ್ಲಿ ತನಗೆ ಮಾಡುವುದನ್ನೇ ಅಂಗಡಿಯವನಿಗೂ ಮಾಡುತ್ತಿದ್ದಾರಲ್ಲ ಎಂದುಕೊಂಡು ಅವನು ಮುಂದಿಟ್ಟಿದ್ದ ಪುಟ್ಟ ಕಂಪ್ಯೂಟರ್ ಡಬ್ಬಿಯನ್ನು ತಾನೇ ಎತ್ತಿಕೊಂಡಳು.

ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದಿದ್ದ ಆ ಅಂಗಡಿಗೆ ಇಬ್ಬರನ್ನೂ ಕಳಿಸಿದವನು ಮಹತಿಯ ಗಂಡ ಅಚ್ಯುತ್. ಹಾಲ್‌ನ ಟಿವಿ ಇನ್ನೂ ಚೆನ್ನಾಗಿಯೇ ಇತ್ತು, ಅದರೊಳಗಿನ ಆ್ಯಪ್‌ಗಳು ಮಾತ್ರ ಒಂದೊಂದಾಗಿ ಕೈಕೊಟ್ಟಿದ್ದವು. ಟಿವಿಯ ಹಿಂದೆ ಒಂದು ಪುಟ್ಟ ಕಂಪ್ಯೂಟರ್ ಇಟ್ಟುಬಿಟ್ಟರೆ ಧಾರಾವಾಹಿ, ಹಾಡು, ತೀರಿಕೊಂಡ ಅಪ್ಪನ ಹಳೆಯ ವಿಡಿಯೊ ಎಲ್ಲವನ್ನೂ ನೋಡಬಹುದು ಎಂಬುದು ಅವನ ಯೋಚನೆ. "ಇಬ್ರೂ ಸೇರಿ ಆರಿಸ್ಕೊಂಡು ಬನ್ನಿ," ಎಂದು ಹೇಳಿ ಶಿಡ್ಲಘಟ್ಟದ ಕಾಲೇಜಿಗೆ ಪಾಠ ಮಾಡಲು ಹೋಗಿದ್ದ. ಅತ್ತೆ ಸೊಸೆ ಒಂದೇ ಆಟೋದಲ್ಲಿ ಮಾತಿಲ್ಲದೆ ಬಂದಿದ್ದರು.

ಮಹತಿ ಮಾತು ಕಡಿಮೆ ಮಾಡಿದ್ದು ಕಾರ್ತೀಕದಿಂದ. ಗೌರಿಬಿದನೂರಿನಿಂದ ಅಣ್ಣ ಫೋನ್ ಮಾಡಿ, ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಇದೆ, ನಾಳೆಯೇ ಆಪರೇಷನ್ ಎಂದಿದ್ದ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಳುತ್ತಲೇ ಅದನ್ನು ಹೇಳಿದಳು. ಒಲೆಯ ಮುಂದಿದ್ದ ಪಂಕಜಮ್ಮ ತಿರುಗಿಯೂ ನೋಡದೆ ಹುಳಿಯಲ್ಲಿ ಸೌಟು ಆಡಿಸುತ್ತಲೇ ಇದ್ದರು. ಸಂಜೆ ಅಚ್ಯುತ್ ಹೇಳಿದಾಗಲೂ ಬರೀ "ಹೂಂ" ಎಂದರು. ಅವಳು ತವರಿಗೆ ಹೋಗಿ ಬಂದ ಮೇಲೂ ಹೇಗಿದ್ದಾರೆ ಎಂದು ಒಂದು ಮಾತು ಕೇಳಲಿಲ್ಲ. ಅಂದಿನಿಂದ ಮಹತಿ ಊಟಕ್ಕೆ ಕರೆಯುವುದಕ್ಕೂ ಗಂಡನನ್ನೇ ಕಳಿಸುತ್ತಿದ್ದಳು.

ಭಾನುಪ್ರಕಾಶ್ ಎರಡು ಡಬ್ಬಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. "ಇದ್ರಲ್ಲಿ ಫ್ಯಾನ್ ಐತೆ, ಸ್ಪೀಡು ಜಾಸ್ತಿ. ಆದ್ರೆ ಗುಂಯ್ ಅಂತ ಸದ್ದು ಬರ್ತೈತೆ. ಇದ್ರಲ್ಲಿ ಫ್ಯಾನಿಲ್ಲ, ಸದ್ದೇ ಇಲ್ಲ. ಸ್ಪೀಡು ಸ್ವಲ್ಪ ಕಮ್ಮಿ."

"ಸದ್ದಿಲ್ದೇ ಇರೋದೇ ಕೊಡಿ," ಎಂದಳು ಮಹತಿ.

"ಗಾಳಿ ಆಡ್ದೆ ಹೋದ್ರೆ ಕಾದು ಸುಟ್ಟುಹೋಗುತ್ತೆ," ಎಂದರು, ಅವನು ಡಬ್ಬಿ ಇಡುವಾಗಲೇ ಎದುರಿಗೆ ಬಂದು ನಿಂತಿದ್ದ ಪಂಕಜಮ್ಮ. "ಫ್ಯಾನ್ ಇರೋದೇ ಇರ್ಲಿ."

"ಇಡೀ ದಿನ ಹಾಲ್‌ನಲ್ಲಿ ಆ ಸದ್ದು ಯಾರು ಕೇಳ್ತಾರೆ ಅತ್ತೆ?" ಮಹತಿ ಡಬ್ಬಿಯ ಕಡೆ ಮುಖ ಬಗ್ಗಿಸಿಯೇ ಕೇಳಿದಳು. ಪಂಕಜಮ್ಮ ಫ್ಯಾನ್ ಇದ್ದ ಡಬ್ಬಿಯನ್ನೇ ತಿರುಗಿಸಿ ನೋಡುತ್ತಿದ್ದರು. ಇನ್ನೊಂದು ಮಾತು ಆಡಿದರೆ ಅಂಗಡಿ ಎಂಬುದನ್ನೂ ಮರೆತು ಜಗಳವಾಡಿಬಿಡುತ್ತೇನೆ ಎನ್ನಿಸಿ ತುಟಿ ಕಚ್ಚಿಕೊಂಡಳು.

ಅವರಿಬ್ಬರ ನಡುವಿನ ಬಿಸಿ ಭಾನುಪ್ರಕಾಶನಿಗೂ ತಟ್ಟಿರಬೇಕು. "ವಿಡಿಯೊ ಇರೋ ಪೆನ್‌ಡ್ರೈವ್ ತಂದಿದೀರಲ್ಲ ಮೇಡಂ, ಹಾಕಿ ನೋಡೇಬಿಡಾಣ," ಎಂದು ಅದನ್ನು ತೆಗೆದುಕೊಂಡು ಫ್ಯಾನ್ ಇಲ್ಲದ ಡಬ್ಬಿಗೆ ಸಿಕ್ಕಿಸಿದ. ಮೇಜಿನ ಮೇಲಿನ ಮಾನಿಟರಿನ ತೆರೆಯಲ್ಲಿ ಮಾವ ದಕ್ಷಿಣಾಮೂರ್ತಿ ಮೇಷ್ಟ್ರು ಕಾಣಿಸಿಕೊಂಡರು. ನಿವೃತ್ತಿಯ ದಿನ, ಕೊರಳಲ್ಲಿ ಹಾರ, ಕೈಯಲ್ಲಿ ಮೈಕು. ತುಟಿ ಆಡುತ್ತಿತ್ತು. ಸದ್ದಿರಲಿಲ್ಲ. "ಸ್ಪೀಕರ್ ಒಳಗಡೆ ಐತೆ, ತರ್ತೀನಿ," ಎಂದು ಅವನು ಬಾಗಿಲ ಪರದೆ ಸರಿಸಿ ಹಿಂದಿನ ಕೋಣೆಗೆ ಹೋದ. ಹೊರಗೆ ಕಂಡಕ್ಟರೊಬ್ಬ ಕೈವಾರ, ಕೈವಾರ ಎಂದು ಕೂಗುತ್ತಿದ್ದ.

ಪಂಕಜಮ್ಮ ತೆರೆಯ ಹತ್ತಿರ ಬಂದು ಗಂಡನನ್ನೇ ನೋಡುತ್ತ ನಿಂತರು. ಆಮೇಲೆ ಕಣ್ಣೊರೆಸಿಕೊಂಡು ಸೊಸೆಯ ಕಡೆ ತಿರುಗಿದರು.

"ದನಿ ಚೆನ್ನಾಗಿ ಬರ್ತಿದೆ ಕಣೇ. ಅವರು ಮಾತಾಡಿದ ಹಾಗೇ ಇದೆ."

ಮಹತಿ ತೆರೆ ನೋಡಿದಳು, ಅತ್ತೆಯ ಮುಖ ನೋಡಿದಳು. ಬಾಗಿಲ ಪರದೆ ಸರಿಯಿತು. ಭಾನುಪ್ರಕಾಶ್ ಎರಡು ಸ್ಪೀಕರುಗಳನ್ನು ಎದೆಗವಚಿಕೊಂಡು ನಿಂತಿದ್ದ, ವೈರು ನೆಲದವರೆಗೆ ಜೋತಾಡುತ್ತಿತ್ತು. "ಅಮ್ಮಾವ್ರೇ, ಇನ್ನೂ ಸ್ಪೀಕರೇ..." ಎಂದು ಶುರುಮಾಡಿದವನು ಮಹತಿ ಕೈಯೆತ್ತಿದ್ದು ನೋಡಿ ನಿಲ್ಲಿಸಿದ.

ಪಂಕಜಮ್ಮನ ಕಣ್ಣು ಸ್ಪೀಕರಿನಿಂದ ವೈರಿಗೆ, ವೈರಿನ ತುದಿಗೆ ಹೋಯಿತು. ಅವರು ಮೇಜಿನ ಅಂಚು ಹಿಡಿದುಕೊಂಡರು.

"ಯಾವಾಗಿಂದ ಅತ್ತೆ?" ಎಂದಳು ಮಹತಿ, ಅವರ ಎದುರಿಗೇ ನಿಂತು, ಮೆಲ್ಲಗೆ, ಒಂದೊಂದೇ ಅಕ್ಷರ ಬಿಡಿಸಿ.

"ಅವರು ಹೋದ ಮೇಲೆ. ಮೊದಲು ಬಲಗಿವಿ. ಈಗ ಎರಡೂ." ಅಂಗಡಿಯವನ ಕಡೆ ಒಮ್ಮೆ ನೋಡಿ ಪಂಕಜಮ್ಮ ದನಿ ತಗ್ಗಿಸಿದರು: "ಅಚ್ಯುತ್‌ಗೆ ಹೇಳ್ಬೇಡಮ್ಮ. ಎಲ್ಲಾದಕ್ಕೂ ನನ್ನ ಬಿಟ್ಟು ಮಾತಾಡೋಕೆ ಶುರುಮಾಡ್ತೀರ."

"ಹೇಳ್ದೆ ಇರೋಕಾಗಲ್ಲ ಅತ್ತೆ. ಡಾಕ್ಟರಿಗೂ ತೋರಿಸ್ಬೇಕು." ಮಹತಿ ಅಂಗಡಿಯವನ ಕಡೆ ತಿರುಗಿದಳು. "ಟಿವೀಲಿ ಮಾತಾಡೋದೆಲ್ಲ ಕೆಳಗಡೆ ಅಕ್ಷರದಲ್ಲಿ ಬರುತ್ತಲ್ಲ, ಅದು ಯಾವುದ್ರಲ್ಲಿ ತಡವಾಗದೆ ಬರುತ್ತೆ?"

"ಫ್ಯಾನ್ ಇರೋದ್ರಲ್ಲಿ ಮೇಡಂ. ಆದ್ರೆ ಸದ್ದು..."

"ಪರವಾಗಿಲ್ಲ, ಅದನ್ನೇ ಕಟ್ಟಿಕೊಡಿ."

ಅವನು ಡಬ್ಬಿ ಕಟ್ಟತೊಡಗಿದ. ಮಹತಿ ಮತ್ತೆ ಅತ್ತೆಯ ಎದುರಿಗೆ ತಿರುಗಿದಳು. ತಡೆಯಲಾಗದೆ ಕೇಳಿದಳು: "ನಮ್ಮಮ್ಮನ ಆಪರೇಷನ್ ವಿಷಯ ಹೇಳ್ದಾಗ್ಲೂ ನಿಮಗೆ ಕೇಳಿಸ್ಲಿಲ್ವಾ?"

ಪಂಕಜಮ್ಮ ಅವಳ ತುಟಿಯನ್ನೇ ನೋಡಿದರು. ಹುಬ್ಬು ಗಂಟಿಕ್ಕಿತು. "ಆಪರೇಷನ್ನಾ? ಯಾರಿಗೆ? ನಿಮ್ಮಮ್ಮನಿಗಾ?"

"ಕಾರ್ತೀಕದಲ್ಲಿ ನಾನು ಊರಿಗೆ ಹೋಗಿರ್ಲಿಲ್ವಾ?"

"ನಾನು ತವರಲ್ಲಿ ಏನೋ ಪೂಜೆ ಅಂತ ತಿಳ್ಕೊಂಡಿದ್ನಲ್ಲೇ." ಅವರು ಇನ್ನೂ ಹತ್ತಿರ ಬಂದರು. "ಈಗ ಹೇಗಿದ್ದಾರೆ?"

ಮಹತಿ ಬಾಯಿ ತೆರೆದಳು. ಅಳು ಬಂದು ಮಾತೆಲ್ಲ ಕಲಸಿಹೋಯಿತು. ಪಂಕಜಮ್ಮ ತಿಳಿಯಲಿಲ್ಲ ಎಂಬಂತೆ ತಲೆಯಾಡಿಸಿ, ಅವಳ ಮೊಣಕೈ ಹಿಡಿದು, ಅಂಗಡಿಯ ಬಾಗಿಲಿನವರೆಗೆ ನಡೆಸಿಕೊಂಡು ಬಂದು ಬಿಸಿಲಿನ ಕಡೆ ತಿರುಗಿಸಿ ನಿಲ್ಲಿಸಿದರು. ಸೆರಗಿನ ತುದಿಯಿಂದ ಅವಳ ಬಾಯಿಯ ಸುತ್ತ ಒರೆಸಿದರು.

"ನಿಧಾನವಾಗಿ ಹೇಳು," ಎಂದು ಅವಳ ತುಟಿಯ ಮೇಲೆ ಕಣ್ಣು ನೆಟ್ಟರು.