ಎಡಗೈ ಸಹಿ

"ಅಕ್ಕಾ, ಸರ್ ಹೇಗಿದಾರೆ ಇವತ್ತು?"

ಸುನಂದ ಡೈರಿಗೆ ಹಾಲು ಹಾಕಿ ಆಗತಾನೇ ಮನೆಯೊಳಗೆ ಕಾಲಿಟ್ಟಿದ್ದಳು. ಖಾಲಿ ಕ್ಯಾನು ಇನ್ನೂ ಕೈಯಲ್ಲೇ ಇತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, "ಪರವಾಗಿಲ್ಲಪ್ಪ. ಬೆಳಿಗ್ಗೆ ಇಡ್ಲಿ ತಿಂದ್ರು. ಮಧ್ಯಾಹ್ನ ಸ್ವಲ್ಪ ಸುಸ್ತು ಅಂದ್ರು," ಎಂದಳು.

"ಸುಸ್ತು ಅಂದ್ರೆ? ಉಸಿರಾಡೋಕೆ ಕಷ್ಟ ಆಯ್ತಾ? ಡಾಕ್ಟ್ರಿಗೆ ಹೇಳಿದ್ರಾ?"

"ಅಂಥಾದ್ದೇನಿಲ್ಲ. ಮಲಗಿ ಎದ್ದಮೇಲೆ ಸರಿಹೋದ್ರು."

"ಹುಷಾರಕ್ಕಾ. ನಾಳೆ ಮಾಡ್ತೀನಿ," ಎಂದು ಕದಿರೇಶ ಫೋನಿಟ್ಟ.

ಒಡಹುಟ್ಟಿದವರೂ ಹೀಗೆ ದಿನಾ ವಿಚಾರಿಸುವುದಿಲ್ಲ ಎಂದುಕೊಂಡಳು ಸುನಂದ. ಮಾಲೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ಈ ಹುಡುಗನ ಪರಿಚಯ ಆದದ್ದೇ ಆಸ್ಪತ್ರೆಯಲ್ಲಿ. ಗಂಡ ಮುರಳಿಮೋಹನನ ಹೃದಯದ ಕವಾಟಕ್ಕೆ ಸೋಂಕು ತಗುಲಿ, ಅದನ್ನು ತೆಗೆದು ಲೋಹದ ಕವಾಟ ಕೂರಿಸಬೇಕೆಂದು ಬೆಂಗಳೂರಿನ ಡಾಕ್ಟರರು ಹೇಳಿದ್ದರು. ಮಾರನೆಯ ದಿನ ಪೇಪರಿನ ಒಳಪುಟದಲ್ಲಿ 'ಮಾಜಿ ಕ್ರಿಕೆಟಿಗನ ಸ್ಥಿತಿ ಚಿಂತಾಜನಕ' ಎಂದು ಒಂದು ಚೂರು ಸುದ್ದಿ ಬಂತು. ಅದನ್ನು ಓದಿಕೊಂಡು ಬಂದವನು ಕದಿರೇಶ ಒಬ್ಬನೇ. ಕೈಯಲ್ಲಿ ಎಳನೀರು, ಹೆಗಲಿಗೆ ಒಂದು ಬ್ಯಾಗು. ಬ್ಯಾಗಿನಲ್ಲಿ ಕಾರ್ಡುಗಳು.

ಕ್ಯಾಲನೂರಿನ ಶ್ರೀರಾಮಪ್ಪನ ಮಗ ಮುರಳಿಮೋಹನ ಬತ್ತಿದ ಕೆರೆಯಂಗಳದಲ್ಲಿ ಎಡಗೈಯಿಂದ ಚೆಂಡೆಸೆದು ಎಸೆದೇ ಭಾರತ ತಂಡದ ತನಕ ಹೋಗಿದ್ದ. ಆಡಿದ್ದು ಬೆರಳೆಣಿಕೆಯಷ್ಟು ಪಂದ್ಯ. ಆದರೆ ಅವನು ಆಡಿದ ವರ್ಷವೇ ಬಬಲ್ ಗಮ್ ಪೊಟ್ಟಣದ ಜೊತೆ ಆಟಗಾರರ ಚಿತ್ರದ ಕಾರ್ಡು ಕೊಡುವ ಹುಚ್ಚು ಊರೂರಿಗೆ ಹಬ್ಬಿತ್ತು. ಒಂದು ಕಾರ್ಡಿನಲ್ಲಿ ಅವನೂ ಇದ್ದ: ಎರಡೂ ಕಾಲು ನೆಲಬಿಟ್ಟು, ಎಡಗೈ ಆಕಾಶಕ್ಕೆ ಚಾಚಿ. ಆಮೇಲೆ ಬೆನ್ನು ಕೈಕೊಟ್ಟಿತು. ಕ್ರೀಡಾ ಕೋಟಾದಲ್ಲಿ ಕೋಲಾರದ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ, ಜನ ಅವನನ್ನು ಮರೆತರು. ಅವನೇ ಆ ಕಾರ್ಡನ್ನು ನೋಡಿ ಎಷ್ಟೋ ವರ್ಷವಾಗಿತ್ತು.

ಆಪರೇಶನ್ನಿನ ಹಿಂದಿನ ದಿನ ಕದಿರೇಶ ಕಾರ್ಡುಗಳ ಕಟ್ಟನ್ನು ಹಾಸಿಗೆಯ ಮೇಲಿಟ್ಟು, "ಸರ್, ಸ್ಕೂಲಲ್ಲಿ ಇದಕ್ಕೋಸ್ಕರ ಎಷ್ಟು ಬಬಲ್ ಗಮ್ ಜಗಿದಿದೀನಿ ಗೊತ್ತಾ? ದವಡೆ ನೋವು ಬರ್ತಿತ್ತು," ಎಂದಾಗ ಮುರಳಿ ನಕ್ಕುಬಿಟ್ಟಿದ್ದ. ವಾರದಿಂದ ಅವನು ನಕ್ಕದ್ದು ಅದೇ ಮೊದಲು. ಸೂಜಿ ಚುಚ್ಚಿದ್ದ ಎಡಗೈಯಲ್ಲೇ ಪೆನ್ನು ಹಿಡಿದು ಒಂದೊಂದಕ್ಕೂ ಸಹಿ ಹಾಕಿಕೊಟ್ಟ. "ನೋಡ್ದೇನೇ, ನನ್ನ ನೆನಪಿಟ್ಕೊಂಡಿರೋರು ಇನ್ನೂ ಇದಾರೆ," ಎಂದು ಹೆಂಡತಿಯ ಕಡೆ ನೋಡಿದ. ಆ ಒಂದು ನೋಟಕ್ಕಾಗಿ ಸುನಂದ ಕದಿರೇಶನಿಗೆ ಕೈಮುಗಿಯುವುದೊಂದು ಬಾಕಿ.

ಆಪರೇಶನ್ ಆಗಿ, ಊರಿಗೆ ಬಂದು, ಒಂದು ದಿನ ಅವಳು ಆಸ್ಪತ್ರೆಯ ಬಿಲ್ಲುಗಳನ್ನು ಬ್ಯಾಂಕಿಗೆ ಕೊಡಲೆಂದು ಜೆರಾಕ್ಸ್ ಮಾಡಿಸಲು ಕೋಲಾರಕ್ಕೆ ಹೋದಳು. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಮತ್ತು ಇಂಟರ್ನೆಟ್ ಸೆಂಟರ್ ಇಟ್ಟಿದ್ದ ಶ್ರೀಪ್ರಿಯಾ ಕಾಲೇಜಿನಲ್ಲಿ ಅವಳ ಜೊತೆ ಓದಿದವಳು.

"ಬಾರೇ, ನಿಂಗೊಂದು ತೋರಿಸ್ಬೇಕು ಅಂತಿದ್ದೆ," ಎಂದು ಶ್ರೀಪ್ರಿಯಾ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. "ಇಂಟರ್ನೆಟ್ಟಲ್ಲಿ ಹರಾಜು ಹಾಕ್ತಾರೆ ಕಣೇ, ಹಳೇ ನಾಣ್ಯ, ಸ್ಟಾಂಪು, ಅಂಥಾವು. ನಿಮ್ಮೆಜಮಾನ್ರ ಕಾರ್ಡೂ ಇದೆ. ಸಹಿ ಇರೋದು. ಹೋದ ತಿಂಗಳು ಒಂದು ಗ್ರಾಂ ಚಿನ್ನದ ರೇಟಿಗೆ ಹೋಗಿದೆ!"

ಪರದೆಯ ಮೇಲೆ ಗಂಡ ನೆಲಬಿಟ್ಟು ಹಾರಿದ್ದ. ಸುನಂದಳಿಗೆ ಹೆಮ್ಮೆಯಿಂದ ಮೈ ಬಿಸಿಯಾಯಿತು. "ಕೆಳಗೇನೋ ಬರೆದಿದಾರಲ್ಲ, ಏನದು?"

ಇಂಗ್ಲಿಷಿನಲ್ಲಿದ್ದುದನ್ನು ಶ್ರೀಪ್ರಿಯಾ ಕನ್ನಡ ಮಾಡಿ ಓದತೊಡಗಿದಳು. "ದೊಡ್ಡ ಆಪರೇಶನ್ನಿಗೆ ಮುಂಚಿನ ದಿನ ಹಾಕಿದ ಸಹಿ. ಆಟಗಾರನ ಸ್ಥಿತಿ ಚಿಂತಾಜನಕ. ಇನ್ನು ಮುಂದೆ..." ಅಲ್ಲಿಗೆ ಅವಳ ದನಿ ನಿಂತಿತು.

"ಓದೇ."

"ಬೇಡ ಬಿಡೇ."

"ಓದು ಅಂದೆ."

"ಇನ್ನು ಮುಂದೆ ಈ ಸಹಿ ಸಿಗಲಾರದು. ಈಗಲೇ ಕೊಂಡಿಟ್ಟುಕೊಳ್ಳಿ." ಶ್ರೀಪ್ರಿಯಾ ತಲೆ ತಗ್ಗಿಸಿದಳು. "ಮಾರೋನು ಯಾರೋ ಕದಿರ್ ಮಾಲೂರ್ ಅಂತೆ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಸುನಂದಳಿಗೆ ಊರು ಬಂದದ್ದೂ ತಿಳಿಯಲಿಲ್ಲ. ಕಂಡಕ್ಟರು ಕೂಗಿ ಇಳಿಸಿದ. ಅಷ್ಟು ದಿನದ ಫೋನು ಮಾತೆಲ್ಲ ಒಂದೊಂದಾಗಿ ನೆನಪಾಗುತ್ತಿತ್ತು. ಉಸಿರಾಡೋಕೆ ಕಷ್ಟ ಆಯ್ತಾ? ಕಾಲು ಊದಿದೆಯಾ? ಡಾಕ್ಟ್ರು ಏನಂದ್ರು? ತಾನೇ ಬಾಯಿಬಿಟ್ಟು ಎಲ್ಲ ಹೇಳಿದ್ದಳು. ಸಂತೆಯಲ್ಲಿ ಹಸುವಿನ ಹಲ್ಲು ನೋಡಿದ ಹಾಗೆ ಅವನು ದಿನಾ ತನ್ನ ಗಂಡನನ್ನು ನೋಡುತ್ತಿದ್ದನೇ?

ಅವತ್ತು ಸಂಜೆ ಫೋನು ಬಂದಾಗ ಅವಳು ಬೇಗ ತೆಗೆಯಲಿಲ್ಲ. ಮುರಳಿ ಒಳಗಿನಿಂದ, "ಕದಿರೇಶ ಇರ್ಬೇಕು, ತಗೊಳ್ಳೇ," ಎಂದು ಕೂಗಿದ. ತೆಗೆದುಕೊಂಡಳು.

"ಚೆನ್ನಾಗಿದಾರೆ. ತುಂಬಾ ಚೆನ್ನಾಗಿದಾರೆ," ಎಂದಳು, ಅವನು ಬಾಯಿ ತೆರೆಯುವ ಮೊದಲೇ.

ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಸಂತೋಷ ಅಕ್ಕಾ," ಎಂದ. ಆ ಒಂದು ಕ್ಷಣವನ್ನು ಅವಳು ಮರೆಯಲಿಲ್ಲ.

ಗಂಡನಿಗೆ ಹೇಳಲಿಲ್ಲ. ಹೇಗೆ ಹೇಳುವುದು? ಅವನು ದಿನವೂ ಅದೇ ಫೋನಿಗಾಗಿ ಕಾಯುತ್ತಿದ್ದ. ಅತ್ತೆ ಅಕ್ಕಯಮ್ಮನಂತೂ, "ದೇವುಡು ಕಣೇ ಆ ಹುಡುಗ," ಎಂದು ಊರಿಗೆಲ್ಲ ಸಾರಿಕೊಂಡು ಬಂದಿದ್ದಳು.

ಮುಂದಿನ ಭಾನುವಾರ ಆ ದೇವುಡು ಖುದ್ದಾಗಿ ಬಂದ. ಮುರಳಿಯ ಪಕ್ಕ ಕೂತು ಹಳೇ ಪಂದ್ಯಗಳ ಮಾತಾಡಿದ. ಅಕ್ಕಯಮ್ಮನ ಕಾಲಿಗೆ ನಮಸ್ಕಾರ ಮಾಡಿದ. ಹೊರಡುವಾಗ ಜೇಬಿನಿಂದ ಒಂದು ಪೊಟ್ಟಣ ತೆಗೆದು ಸುನಂದಳ ಕೈಗಿಟ್ಟ. "ಬೇರಿನ ಪುಡಿ ಅಕ್ಕಾ. ನಮ್ಮೂರ ಪಂಡಿತರು ಕೊಟ್ಟಿದ್ದು. ಎದೆಗೆ ತುಂಬಾ ಒಳ್ಳೇದಂತೆ. ಹಾಲಲ್ಲಿ ಕೊಡಿ."

ಅವನ ಬೈಕು ತಿರುವು ದಾಟುವ ತನಕ ಅವಳು ಅಲುಗಾಡಲಿಲ್ಲ. ಮುರಳಿ ರಕ್ತ ತೆಳ್ಳಗಾಗಿಸುವ ಮಾತ್ರೆಯ ಮೇಲಿದ್ದ. ಸೊಪ್ಪು ಕೂಡ ಲೆಕ್ಕ ನೋಡಿ ತಿನ್ನಿಸಿ, ಕೇಳದೆ ಯಾವ ಔಷಧಿಯೂ ಕೊಡಬೇಡಿ, ಎಲ್ಲಿ ರಕ್ತ ಒಸರಿದರೂ ನಿಲ್ಲುವುದಿಲ್ಲ ಎಂದು ಡಾಕ್ಟರು ಬೆರಳು ತೋರಿಸಿ ಹೇಳಿದ್ದರು. ಅದನ್ನು ಕದಿರೇಶನಿಗೆ ಹೇಳಿದ್ದೂ ತಾನೇ. ಮರೆತು ತಂದನೋ, ನೆನಪಿದ್ದೇ ತಂದನೋ? ಪೊಟ್ಟಣವನ್ನು ಕೊಟ್ಟಿಗೆಯ ಹಿಂದೆ ಒಯ್ದು ತಿಪ್ಪೆಯಲ್ಲಿ ಹೂತು, ಮೇಲೆ ಸಗಣಿ ಎಳೆದಳು.

ಅಕ್ಕಯಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅದ್ಯಾಕೆ ಬಿಸಾಕ್ತೀಯೇ? ನನ್ನ ಮಗ ಹುಷಾರಾಗೋದು ಬೇಡ್ವಾ ನಿಂಗೆ?"

ಸುನಂದ ತೊಟ್ಟಿಯ ನೀರಲ್ಲಿ ಕೈತೊಳೆದುಕೊಂಡು ಒಳಗೆ ಹೋದಳು. ಅಂದು ಮುರಳಿಯೂ ಮುನಿಸಿಕೊಂಡು ಅವಳ ಜೊತೆ ಮಾತಾಡದೆ ಊಟ ಮಾಡಿದ.

ಅಲ್ಲಿಂದಾಚೆಗೆ ಅವಳು ಏನಾದರೊಂದು ನೆವ ಹೇಳಿ ಕೋಲಾರಕ್ಕೆ ಹೋಗುವುದು ಶುರುವಾಯಿತು. ಶ್ರೀಪ್ರಿಯಾಳನ್ನು ಬೇರೇನೂ ಕೇಳುತ್ತಿರಲಿಲ್ಲ. "ಈಗೆಷ್ಟಿದೆ ನೋಡೇ," ಎನ್ನುತ್ತಿದ್ದಳು, ಅಷ್ಟೇ. ಮುರಳಿ ಕೋಲು ಹಿಡಿದು ಅಂಗಳದಲ್ಲಿ ನಡೆದ ವಾರ ರೇಟು ಅರ್ಧಕ್ಕಿಳಿದಿತ್ತು. ಸುನಂದ ಉಸಿರುಬಿಟ್ಟಳು. ಇನ್ನೊಂದು ವಾರ ಅವನಿಗೆ ಜ್ವರ ಬಂದು ಕೋಲಾರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ಸುದ್ದಿ ಅದು ಹೇಗೆ ಹೊರಬಿತ್ತೋ, ಕಾರ್ಡಿನ ರೇಟು ಮತ್ತೆ ತಲೆಯೆತ್ತಿತು. ಅವಳು ಆ ಪರದೆಯ ಮುಂದೆ ಕೂತು, ಹೆಸರಿಲ್ಲದ ಯಾರ್ಯಾರೋ ಒಬ್ಬರ ಮೇಲೊಬ್ಬರು ರೇಟು ಕೂಗುತ್ತಿರುವುದನ್ನು ನೋಡಿದಳು. ಮದ್ರಾಸಿನವರು, ದಿಲ್ಲಿಯವರು, ಅವನ ಮುಖವನ್ನೇ ಕಾಣದವರು. ಕದಿರೇಶನಿಗಾದರೂ ಒಂದು ಮುಖ ಇತ್ತು. ಇವರಿಂದ ಅವನನ್ನು ಯಾವ ಬಾಗಿಲು ಹಾಕಿ ಕಾಯುವುದು?

ಜ್ವರ ಇಳಿಯಿತು. ಮುರಳಿ ಮನೆಗೆ ಬಂದು ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರುವ ಹಾಗಾದ. ಆಪರೇಶನ್ ಆದ ಮೇಲೆ ಊರಿಗೆ ಅವನ ನೆನಪು ಬಂದಿತ್ತು. ಹಾಲಿನ ವ್ಯಾನಿನ ಡ್ರೈವರು, ಸ್ಕೂಲು ಮಕ್ಕಳು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹುಡುಗರು ಮನೆಯ ಮೂಲೆಗಳಲ್ಲಿ ಬಿದ್ದಿದ್ದ ಕಾರ್ಡುಗಳನ್ನು ಹುಡುಕಿ ತಂದರು. ಅವನು ಯಾರಿಗೂ ಇಲ್ಲ ಎನ್ನಲಿಲ್ಲ. ಕಾರ್ಡಿಲ್ಲದವರ ಬ್ಯಾಟಿಗೆ, ನೋಟ್‌ಬುಕ್ಕಿಗೆ, ಕೊನೆಗೆ ಒಬ್ಬನ ಕೈಯ ಸಿಮೆಂಟು ಪಟ್ಟಿಗೂ ಸಹಿ ಹಾಕಿದ. ಅವೂ ಹರಾಜಿಗೆ ಹೋದವು. ರೇಟು ಜಾರತೊಡಗಿತು. ಕೊನೆಕೊನೆಗೆ ಶ್ರೀಪ್ರಿಯಾ, "ಕೇಳೋರೇ ಇಲ್ಲ ಕಣೇ," ಎಂದು ಬೇಜಾರಿನಿಂದ ಹೇಳಿದಳು. ಸುನಂದ ಅವತ್ತು ಮನೆಗೆ ಹೋಗುವಾಗ ಒಂದು ಮೊಳ ಮಲ್ಲಿಗೆ ಕೊಂಡಳು.

ಅದಾದ ಕೆಲವೇ ದಿನಕ್ಕೆ, ಒಂದು ಮಧ್ಯಾಹ್ನ ಕದಿರೇಶ ಬಂದ. ಮುಖ ಸೊರಗಿತ್ತು, ಗಡ್ಡ ಬೆಳೆದಿತ್ತು. ಜಗಲಿಯ ಅಂಚಿನಲ್ಲಿ ಕೂತು, ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಲೋಟ ತಿರುಗಿಸುತ್ತಿದ್ದ.

"ಸರ್, ಒಂದು ಮಾತು. ಸಿಕ್ಕಸಿಕ್ಕೋರಿಗೆಲ್ಲ ಸಹಿ ಹಾಕ್ಬೇಡಿ ಸರ್."

"ಯಾಕಯ್ಯ, ಕೈ ಸವೆದು ಹೋಗುತ್ತಾ?" ಮುರಳಿ ನಕ್ಕ.

"ಅಲ್ಲ ಸರ್, ನಿಮಗೆ ಸುಸ್ತಾಗುತ್ತಲ್ಲಾ ಅಂತ..."

ಬಾಗಿಲಿಗೊರಗಿ ನಿಂತಿದ್ದ ಸುನಂದಳಿಗೆ ಇನ್ನು ತಡೆಯಲಾಗಲಿಲ್ಲ. "ಸುಸ್ತಿಗಲ್ಲ. ನಿಜ ಹೇಳು. ಇವ್ರು ಸತ್ತರೆ ರೇಟು ಏರುತ್ತೆ ಅಂತ ಕಾರ್ಡು ಕೂಡಿಟ್ಟಿದೀಯ. ಬದುಕಿಬಿಟ್ರಲ್ಲ, ಅದಕ್ಕೆ ಬಂದಿದೀಯ."

ಕದಿರೇಶ ಲೋಟವನ್ನು ಕೆಳಗಿಟ್ಟ.

"ಸರ್ ಸಾಯ್ಲಿ ಅಂತ ಯಾವತ್ತೂ ಬಯಸ್ಲಿಲ್ಲ ಅಕ್ಕಾ. ನಮ್ಮಮ್ಮನಾಣೆಗೂ ಇಲ್ಲ. ಆಪರೇಶನ್ ಟೈಮಲ್ಲಿ ಎಲ್ಲಾ ಕೊಳ್ತಾ ಇದ್ರು, ನಾನೂ ಕೊಂಡೆ. ಸಿಕ್ಕಿದ್ದೆಲ್ಲಾ ಕೊಂಡೆ. ಫೋನಲ್ಲಿ ನೀವು ಚೆನ್ನಾಗಿದಾರೆ ಅಂದಾಗ ನಂಗೆ ಖುಷಿನೇ ಆಗ್ತಿತ್ತು. ಇಟ್ಟಮೇಲೆ..." ಅವನು ನೆಲ ನೋಡಿದ. "ಇಟ್ಟಮೇಲೆ ಒಂಥರಾ ಆಗೋದು. ಯಾಕೆ ಅಂಗಾಗುತ್ತೆ ಅಂತ ನಂಗೇ ಹೆದರಿಕೆ ಆಗೋದು ಅಕ್ಕಾ."

"ಆ ಪುಡಿ?"

"ಯಾವ ಪುಡಿ?" ಎಂದ. ನೆನಪಾಗಿ, ಅವಳ ಮುಖ ನೋಡಿ, ಅವನ ಕಣ್ಣು ದೊಡ್ಡದಾಯಿತು. "ಅಯ್ಯೋ, ಅಕ್ಕಾ!"

ಅದು ನಿಜವೋ ನಟನೆಯೋ ಸುನಂದಳಿಗೆ ಅವತ್ತೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ.

ಮುರಳಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಈಗೆಷ್ಟಿದೆ?" ಎಂದ.

"ಯಾರೂ ಕೂಗ್ತಿಲ್ಲ ಸರ್."

"ಬ್ಯಾಗಲ್ಲಿ ಸಹಿ ಇಲ್ದಿರೋವು ಇದಾವಾ?"

ಕದಿರೇಶ ಹೌದೆಂದು ತಲೆಯಾಡಿಸಿದ.

"ಕೊಡು."

ಒಂದು ಕಟ್ಟು, ರಬ್ಬರ್ ಬ್ಯಾಂಡ್ ಹಾಕಿದ್ದು. ಮುರಳಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಮೊದಲನೆಯದಕ್ಕೆ ಸಹಿ ಹಾಕಿದ, ಪಕ್ಕಕ್ಕಿಟ್ಟ, ಎರಡನೆಯದನ್ನು ಎತ್ತಿಕೊಂಡ. ಬರಬರುತ್ತ ಸಹಿ ಓರೆಯಾಗತೊಡಗಿತು. ನೆಲಬಿಟ್ಟು ಹಾರಿದ ಆ ಹುಡುಗನ ಎದೆಯ ಮೇಲೇ ಸಹಿ ಬೀಳುತ್ತಿತ್ತು. ಸಾಕು ಎನ್ನಬೇಕೆಂದುಕೊಂಡ ಸುನಂದ ಎನ್ನಲಿಲ್ಲ. ಕದಿರೇಶನೂ ಬೇಡ ಎನ್ನಲಿಲ್ಲ. ಕಟ್ಟು ಮುಗಿದ ಮೇಲೆ ಮುರಳಿ ಪೆನ್ನಿನ ಮುಚ್ಚಳ ಹಾಕಿ, ಕಾರ್ಡುಗಳನ್ನು ಜೋಡಿಸಿ, ಅದೇ ರಬ್ಬರ್ ಬ್ಯಾಂಡ್ ಸುತ್ತಿ ಕೊಟ್ಟ.

"ಮಕ್ಕಳಿಗೆ ಹಂಚು, ಏನಾದ್ರೂ ಮಾಡ್ಕೋ. ಆದ್ರೆ ಇನ್ನು ಫೋನ್ ಮಾಡ್ಬೇಡ ಕಣಪ್ಪ. ಅವಳು ಹೆದರ್ಕೊಳ್ತಾಳೆ."

ಕದಿರೇಶ ಬೈಕನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ರಸ್ತೆಯ ತನಕ ಹೋದ.

"ಯಾವಾಗಿಂದ ಗೊತ್ತಿತ್ತು ನಿಂಗೆ?" ಎಂದು ಮುರಳಿ ಕೇಳಿದ.

"ಜೆರಾಕ್ಸಿಗೆ ಹೋಗಿದ್ನಲ್ಲ, ಆವತ್ತಿಂದ."

"ಹೇಳ್ಬಾರ್ದಿತ್ತಾ?"

ಅವಳು ಲೋಟ ಎತ್ತಿಕೊಂಡು ಮಜ್ಜಿಗೆಯನ್ನು ಗಿಡದ ಬುಡಕ್ಕೆ ಸುರಿದಳು.

ಲೋಟ ತೊಳೆದು ಬರುವಷ್ಟರಲ್ಲಿ ಮುರಳಿ ಕುರ್ಚಿಯಲ್ಲೇ ನಿದ್ದೆಹೋಗಿದ್ದ. ಕುತ್ತಿಗೆ ಒಂದು ಕಡೆಗೆ ವಾಲಿ, ಬಾಯಿ ಸ್ವಲ್ಪ ತೆರೆದಿತ್ತು. ಎಡಗೈ ಕುರ್ಚಿಯಾಚೆ ಜೋತುಬಿದ್ದಿತ್ತು. ಸುನಂದ ಬರಿಗಾಲಲ್ಲಿ ಸದ್ದಾಗದ ಹಾಗೆ ಹತ್ತಿರ ಬಂದಳು. ಅಂಗಿ ಮೇಲೇಳುತ್ತಿದೆಯೋ ಇಲ್ಲವೋ ಬಿಸಿಲಿನಲ್ಲಿ ಸರಿಯಾಗಿ ಕಾಣಲಿಲ್ಲ. ಬಗ್ಗಿ ಅವನ ಎದೆಯ ಹತ್ತಿರ ಕಿವಿ ತಂದಳು. ಒಳಗೆ ಲೋಹದ ಕವಾಟ ತೆರೆದು ಮುಚ್ಚುವ ಸಣ್ಣ ಸದ್ದು, ಕೈಗಡಿಯಾರದ ಹಾಗೆ, ಟಿಕ್, ಟಿಕ್ ಎಂದು ಕೇಳಿಸಿತು. ಕೇಳಿಸಿದ ಮೇಲೂ ಅವಳು ತಲೆಯೆತ್ತಲಿಲ್ಲ. ಎರಡು ಸದ್ದಿನ ನಡುವೆ ಉಸಿರು ಹಿಡಿದುಕೊಂಡು, ಮುಂದಿನದಕ್ಕೆ ಕಾಯುತ್ತ ಹಾಗೇ ಬಗ್ಗಿದ್ದಳು.